ಕೊಡಗಿನವರಿಗೆ ಬೆಟ್ಟ, ಮಂಜು, ಜಲಪಾತ ಸಾಕಾಗಿದ್ದರೆ ವಿದೇಶದಲ್ಲಿ ಜನ ಜಾಸ್ತಿ ಹೋಗದ ಯಾವ ಜಾಗಕ್ಕೆ ಹೋಗಬಹುದು?

ಆಫ್ರಿಕಾದ ನಮೀಬಿಯಾಕ್ಕೆ ಹೋಗಿ. ಮಳೆ, ಜಿಗಣೆ, ಹಸಿರು ಇವೆಲ್ಲ ಮನೆ ಹಿಂದೆಯೇ ಇರುವಾಗ ದುಡ್ಡು ಕೊಟ್ಟು ಇನ್ನೊಂದು ಕೊಡಗು ನೋಡೋದ್ಯಾಕೆ, ಅಲ್ವಾ?

ಅಲ್ಲಿ ಲೂಡೆರಿಟ್ಜ್ ಊರಿನ ಹತ್ತಿರ ಕೋಲ್ಮನ್ಸ್‌ಕಾಪ್ ಅಂತ ಒಂದು ಪಾಳುಬಿದ್ದ ಊರಿದೆ. 1908ರಲ್ಲಿ ಅಲ್ಲಿ ವಜ್ರ ಸಿಕ್ಕಿತು. ಮರಳುಗಾಡಿನ ನಡುವೆ, ಆಗ ಆ ದೇಶವನ್ನು ಆಳುತ್ತಿದ್ದ ಜರ್ಮನ್ನರು ಆಸ್ಪತ್ರೆ, ನಾಟಕದ ಹಾಲ್, ಐಸ್ ಫ್ಯಾಕ್ಟರಿ ಎಲ್ಲ ಕಟ್ಟಿಸಿದರು. ಆಮೇಲೆ ದಕ್ಷಿಣಕ್ಕೆ ಇನ್ನೂ ಒಳ್ಳೆಯ ವಜ್ರ ಸಿಕ್ಕಿದ್ದೇ ತಡ, ಜನ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. 1956ರ ಹೊತ್ತಿಗೆ ಊರೇ ಬರಿದು. ಈಗ ಕಿಟಕಿ, ಬಾಗಿಲಿನಿಂದ ನುಗ್ಗಿದ ಮರಳು ಕೋಣೆಗಳಲ್ಲಿ ಅರ್ಧ ಗೋಡೆವರೆಗೂ ಏರಿ ಕೂತಿದೆ. ಬಣ್ಣದ ವಾಲ್‌ಪೇಪರ್ ಮಾತ್ರ ಕೆಲವು ಗೋಡೆಗಳಲ್ಲಿ ಇನ್ನೂ ಅಂಟಿಕೊಂಡಿದೆ.

ಕೈಲ್‌ಪೊಳ್ದ್ ಹಬ್ಬ ಮುಗಿಸಿಕೊಂಡು ಹೊರಡಿ, ಸೆಪ್ಟೆಂಬರಿನಲ್ಲಿ ಅಲ್ಲಿ ಮಳೆಯ ಕಾಟವಿಲ್ಲ. ಆದರೆ ಜಾಕೆಟ್ ಬೇಕೇ ಬೇಕು. ಕರಾವಳಿಯಲ್ಲಿ ಗಾಳಿ ಜೋರು, ಸಮುದ್ರದಿಂದ ಮಂಜೂ ಬರುತ್ತದೆ. ಮಂಜು ನಿಮ್ಮನ್ನು ಅಲ್ಲೂ ಬಿಡೋದಿಲ್ಲ!

ಬೆಟ್ಟವೇ ಬೇಕೆಂದರೆ ಜಾರ್ಜಿಯಾ ದೇಶದ ಉಷ್ಗುಲಿ ಹಳ್ಳಿ. ಸುಮಾರು 2,100 ಮೀಟರ್, ನಮ್ಮ ತಡಿಯಂಡಮೋಳ್‌ಗಿಂತ ಎತ್ತರ. ಶತ್ರುಗಳಿಂದ ಕಾಪಾಡಿಕೊಳ್ಳಲು ಹಳೆಯ ಮನೆತನಗಳು ಕಟ್ಟಿದ ಕಲ್ಲಿನ ಗೋಪುರಗಳು ಇನ್ನೂ ನಿಂತಿವೆ. ಚಳಿಗಾಲದಲ್ಲಿ ಮಾತ್ರ ಬೇಡ, ಹಿಮ ಬಿದ್ದು ರಸ್ತೆ ಮುಚ್ಚಿಹೋಗಬಹುದು.