ಡ್ರ್ಯಾಗನ್ ಆಮೇಲೆ, ಮೊದಲು ತಂಗಿಗೆ ಫೋನ್ ಮಾಡಿ

ಈ ವಾರದ ಪತ್ರಗಳಲ್ಲಿ ಬೆಂಗಳೂರಿನ ಓದುಗರೊಬ್ಬರದ್ದು ನನ್ನನ್ನು ಸರಿಯಾಗಿ ಕೆಣಕಿತು.

ಭಾನುವಾರ ಸಂಜೆ ಇವರ ಮನೆಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ, ಅಂದ್ರೆ ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕೂತಲ್ಲೇ ಮಾತಿನಲ್ಲಿ ಕಥೆ ಕಟ್ಟುವ ಆಟ. ಇವರೇ ಡಂಜನ್ ಮಾಸ್ಟರ್, ಅಂದ್ರೆ ಕಥೆ ನಡೆಸುವವರು. ಕಳ್ಳನ ಪಾತ್ರದ ಗೆಳೆಯ ಊರಿನ ಹೆಂಡದಂಗಡಿಯ ಅಜ್ಜಿಯನ್ನು ಸುಮ್ನೆ ಚುಚ್ಚಿ ಕೊಂದ. ಪೆಟ್ಟಿಗೆಯಲ್ಲಿದ್ದ ಚಿನ್ನ ಬಾಚಿಕೊಂಡ. ಕೇಳಿದರೆ, "ನಾನೇನು ಮಾಡ್ಲಿ, ನನ್ನ ಪಾತ್ರವೇ ಕೆಟ್ಟವನು" ಅಂದ. ಪುರಾತನ ಕೆಂಪು ಡ್ರ್ಯಾಗನ್ ಬಿಟ್ಟು ಅವನ ಕಥೆ ಮುಗಿಸಲಾ ಎಂಬುದು ಇವರ ಪ್ರಶ್ನೆ.

ಪತ್ರದ ಕೊನೆಗೆ, ಆವರಣದೊಳಗೆ, ಒಂದು ಸಾಲು: "ಪುರೋಹಿತೆಯ, ಅಂದ್ರೆ ಕ್ಲೆರಿಕ್ ಪಾತ್ರದ ನನ್ನ ತಂಗಿ ಎರಡು ವಾರದಿಂದ ಬಂದಿಲ್ಲ, ಆಫೀಸ್ ಕೆಲಸ ಇರಬೇಕು."

ಇರಬೇಕಾ? ಕೇಳಿದಿರಾ? ಆ ಅಜ್ಜಿಗೆ ಹೆಸರಿಟ್ಟವಳು, ಪ್ರತಿ ಸಲ ಅಂಗಡಿಗೆ ಹೋಗಿ ಮಾತಾಡಿಸುತ್ತಿದ್ದವಳು ತಂಗಿಯೇ ಅಂತ ಮೇಲೆ ನೀವೇ ಬರೆದಿದ್ದೀರಿ. ಅಜ್ಜಿ ಸತ್ತೂ ಎರಡೇ ವಾರ ಆಗಿದೆ.

ಕೊಂದವನ ಮೇಲೆ ನನಗೆ ಅಷ್ಟು ಕೋಪವಿಲ್ಲ. ಯಕ್ಷಗಾನದ ಬಣ್ಣದ ವೇಷ ಅಬ್ಬರಿಸದಿದ್ದರೆ ರಾತ್ರಿಯೆಲ್ಲ ಕೂತು ನೋಡೋದು ಯಾರು? ಎದುರು ವೇಷಕ್ಕೂ ಕುಣಿಯೋಕೆ ಜಾಗ ಬಿಟ್ಟರೆ ಸಾಕು. ನನ್ನ ಸಿಟ್ಟೆಲ್ಲ ಅವನ ರೂಮ್‌ಮೇಟ್ ಮೇಲೆ. ಪಕ್ಕದಲ್ಲಿ ಕೂತು ನಕ್ಕ, ಅರ್ಧ ಚಿನ್ನ ಇಸ್ಕೊಂಡ. ಅವನ ಪಾತ್ರ ಪಾಲಡಿನ್ ಅಂತೆ, ಪ್ರತಿಜ್ಞೆ ತೊಟ್ಟ ಧರ್ಮಯೋಧ! ಈ ಅಂಕಣದಲ್ಲಿ ಎಷ್ಟು ಸಲ ಹೇಳಿದ್ದೇನೆ, ಕೀಟಲೆ ಮಾಡಿದವನಿಗಿಂತ ನಕ್ಕು ಹುರಿದುಂಬಿಸಿದವನೇ ಜಾಸ್ತಿ ಕೆಡಿಸೋದು. 2014ರ ನಿಯಮಪುಸ್ತಕ ತೆಗೆದು ನೋಡಿ. ಪ್ರತಿಜ್ಞೆ ಮುರಿದು ಪಶ್ಚಾತ್ತಾಪವನ್ನೂ ಪಡದ ಪಾಲಡಿನ್‌ನಿಂದ ಆ ಪಟ್ಟವನ್ನೇ ಬಿಡಿಸುವ ಅಧಿಕಾರ ನಿಮಗಿದೆ. ಅಂದಹಾಗೆ, ಅಜ್ಜಿಯ ಪೆಟ್ಟಿಗೆಯಲ್ಲಿ ಅಷ್ಟು ಚಿನ್ನ ಇಟ್ಟವರು ಯಾರು ಸ್ವಾಮಿ?

ಡ್ರ್ಯಾಗನ್ ವಿಚಾರ. ಅದೇ ಆವೃತ್ತಿಯಲ್ಲಿ ಪುರಾತನ ಕೆಂಪು ಡ್ರ್ಯಾಗನ್‌ಗೆ 546 ಹಿಟ್ ಪಾಯಿಂಟ್, ಅಂದ್ರೆ ಪೆಟ್ಟು ತಿಂದು ತಡೆಯುವ ತಾಕತ್ತು. ನಿಮ್ಮವರೆಲ್ಲ ಇನ್ನೂ ಐದನೇ ಲೆವೆಲ್, ಅದರ ಮುಂದೆ ನಿಲ್ಲೋದೇ ಇಲ್ಲ. ಅದನ್ನು ಬಿಟ್ಟರೆ ಆಡುವವರಿಗೆ ಕಾಣೋದು ಅಜ್ಜಿಯ ಸಾವಲ್ಲ, ನಿಮ್ಮ ಸೇಡು. ತಪ್ಪಿಗೆ ತಕ್ಕ ಫಲ ಆ ಊರಿನೊಳಗಿಂದಲೇ ಬರಲಿ. ಅಂಗಡಿ ಬಾಗಿಲು ಮುಚ್ಚಿದೆ. ಅಕ್ಕಪಕ್ಕದವರು ಇವರಿಗೆ ರಾತ್ರಿ ಜಾಗ ಕೊಡೋಲ್ಲ. ಅಜ್ಜಿಯ ಮೊಮ್ಮಗ ಕಾವಲುಗಾರರ ಹತ್ತಿರ ಹೋಗಿದ್ದಾನೆ. ಇದಕ್ಕಿಂತ ಒಳ್ಳೆಯ ದಾರಿ ತಂಗಿಯ ಕೈಯಲ್ಲೇ ಇದೆ. ಐದನೇ ಲೆವೆಲ್ಲಿಗೆ ಕ್ಲೆರಿಕ್‌ಗೆ ಮೂರನೇ ಹಂತದ ಮಂತ್ರಗಳು ಸಿಗುತ್ತವೆ. ಅದರಲ್ಲಿ ಸ್ಪೀಕ್ ವಿತ್ ಡೆಡ್ ಕೂಡ ಒಂದು. ಹೆಣಕ್ಕೆ ಐದು ಪ್ರಶ್ನೆ ಕೇಳಬಹುದು. ಹಗೆಯವರಿಗೆ ಹೆಣ ನಿಜ ಹೇಳಬೇಕಾಗಿಲ್ಲ. ಆದರೆ ಅಜ್ಜಿಗೆ ತಂಗಿಯ ಮೇಲೆ ಯಾವ ಹಗೆ? "ನಿನ್ನನ್ನು ಕೊಂದವರು ಯಾರು, ಆಗ ಜೊತೆಗಿದ್ದವರು ಯಾರು" ಅಂತ ಅವಳು ಕೇಳುವಾಗ ಆ ಇಬ್ಬರ ಮುಖ ನೋಡಬೇಕು.

ಇದೆಲ್ಲ ಅವಳಿಗೆ ಬೇಕು ಅನಿಸಿದರೆ ಮಾತ್ರ. "ನನಗೆ ಆ ಆಟವೇ ಬೇಜಾರಾಯ್ತು ಅಣ್ಣಾ" ಅಂದರೆ ಕಥೆಯನ್ನು ಹಿಂದಕ್ಕೆ ತಿರುಗಿಸಿ, ಅಜ್ಜಿ ಸಾಯಲೇ ಇಲ್ಲ ಅನ್ನಿ. ಕಳ್ಳನೂ ಪಾಲಡಿನ್ನೂ ಗೊಣಗಿದರೆ ಗೊಣಗಲಿ.

ಆದ್ದರಿಂದ ಮಾಡಬೇಕಾದ್ದು ಒಂದೇ. ಇವತ್ತೇ ತಂಗಿಗೆ ಫೋನ್ ಮಾಡಿ ಕೇಳಿ. ಭಾನುವಾರದವರೆಗೆ ಕಾಯಬೇಡಿ. ವಾಟ್ಸಾಪ್ ಗ್ರೂಪಿನಲ್ಲಂತೂ ಕೇಳಲೇಬೇಡಿ, ಅಲ್ಲಿ ಆ ಇಬ್ಬರೂ ಇದ್ದಾರೆ.