ಆ ಪೂರ್ವಪ್ರತ್ಯಯ ಖಾಲಿ ಅಲ್ಲ

ಪ್ರಶ್ನೆ: ರಷ್ಯನ್‌ನಲ್ಲಿ ‘ಪಿಸಾತ್’ ಎಂದರೆ ಬರೆಯುತ್ತಿರುವುದು, ‘ನಪಿಸಾತ್’ ಎಂದರೆ ಬರೆದು ಮುಗಿಸುವುದು. ಮುಂದೆ ಸೇರಿದ ‘ನ’ಕ್ಕೆ ಅರ್ಥವಿಲ್ಲ, ಜೋಡಿಗಳನ್ನು ಬಾಯಿಪಾಠ ಮಾಡಿ ಎನ್ನುತ್ತಾರೆ ನಮ್ಮ ಟ್ಯೂಟರ್. ಸರಿಯೇ?

ಸರಿಯಲ್ಲ. ಈ ಮಾತು ಕೇಳಿ ಕೇಳಿ ನನಗೆ ಸಿಟ್ಟು ಬರುತ್ತದೆ. ಅರ್ಥವೇ ಇಲ್ಲದಿದ್ದರೆ ಒಂದು ಪ್ರತ್ಯಯ ಸಾಕಿತ್ತು, ಅಲ್ವಾ? ಕೆಲಸ ಮುಗಿಯಿತು ಎಂದು ತೋರಿಸಲು ರಷ್ಯನ್ ಇಂಥ 16 ಪ್ರತ್ಯಯಗಳನ್ನು ಬಳಸುತ್ತದೆ. ನಾರ್ವೆಯ ಟ್ರಾಮ್ಸೋದಲ್ಲಿ ಭಾಷಾವಿಜ್ಞಾನಿ ಲಾರಾ ಜಾಂಡಾ ಮತ್ತು ಸಂಗಡಿಗರು ನಿಜವಾದ ಬಳಕೆಯ ವಾಕ್ಯಗಳನ್ನು ರಾಶಿ ಹಾಕಿಕೊಂಡು ನೋಡಿದರು. ಪ್ರತ್ಯಯದ ಅರ್ಥವೂ ಕ್ರಿಯಾಪದದ ಅರ್ಥವೂ ಒಂದರ ಮೇಲೊಂದು ಕೂರುತ್ತವೆ, ಅದಕ್ಕೇ ಖಾಲಿ ಅನ್ನಿಸುತ್ತದೆ ಎನ್ನುತ್ತಾರೆ ಅವರು. ‘ನ’ ಎಂದರೆ ಮೇಲೆ. ಬರೆಯುವುದು ಹಾಳೆಯ ಮೇಲೇ. ‘ಪ್ರೊ’ ಎಂದರೆ ಈ ತುದಿಯಿಂದ ಆ ತುದಿಗೆ. ಓದಿ ಮುಗಿಸುವುದು ‘ಪ್ರೊಚಿತಾತ್’. ‘ರಜ್’ ಎಂದರೆ ಚದುರುವುದು. ಮಂಜು ಪೂರ್ತಿ ಕರಗಿದರೆ ‘ರಸ್ತಾಯತ್’ (‘ರಜ್’ ಇಲ್ಲಿ ‘ರಸ್’ ಆಗಿದೆ).

ಇನ್ನೂ ಅನುಮಾನವಿದ್ದರೆ ‘ಗ್ರುಜೀತ್’ ನೋಡಿ. ಗಾಡಿಗೆ ಹುಲ್ಲು ಹೇರುವುದು. ಇದಕ್ಕೆ ಮೂರು ಮುಗಿದ ರೂಪಗಳಿವೆ. ‘ಪೊಗ್ರುಜೀತ್’ ಹೆಚ್ಚುಕಮ್ಮಿ ಯಾವಾಗಲೂ ಹುಲ್ಲನ್ನು ಕರ್ಮವಾಗಿ ಹಿಡಿಯುತ್ತದೆ. ‘ನಗ್ರುಜೀತ್’ ಜಾಸ್ತಿ ಗಾಡಿಯನ್ನು ಹಿಡಿಯುತ್ತದೆ. ‘ಜಗ್ರುಜೀತ್’ ಎರಡಕ್ಕೂ ಒಗ್ಗುತ್ತದೆ. ಖಾಲಿ ತುಂಡುಗಳು ಹೀಗೆ ವಾಕ್ಯವನ್ನೇ ತಿರುಗಿಸುತ್ತವೆಯೇ?

ಸುಮ್ನೆ ಪಟ್ಟಿ ಉರು ಹೊಡೆಯಬೇಡಿ. ಪ್ರತಿ ಕ್ರಿಯಾಪದವನ್ನು ಅದರ ಕರ್ಮದ ಜೊತೆ, ಒಂದು ಪೂರ್ತಿ ವಾಕ್ಯದಲ್ಲಿ ಬರೆದಿಡಿ. ಒಂದು ಎಚ್ಚರಿಕೆ: ರಷ್ಯನ್‌ನ ಲೆಕ್ಕವನ್ನು ಅದರ ನಂಟಿನ ಚೆಕ್ ಭಾಷೆಗೆ ಹಚ್ಚಬೇಡಿ. ದಿನಾ ಒಂದು ಗ್ಲಾಸ್ ಕುಡಿಯುತ್ತಾನೆ ಎನ್ನಲು ಚೆಕ್ ಭಾಷೆ ಮುಗಿದ ರೂಪವನ್ನು ಆರಾಮಾಗಿ ಬಳಸುತ್ತದೆ, ರಷ್ಯನ್‌ಗೆ ಮುಗಿಯದ ರೂಪವೇ ಬೇಕು. ರಷ್ಯನ್, ಚೆಕ್ ಸೇರಿರುವ ಸ್ಲಾವಿಕ್ ಭಾಷೆಗಳ ಈ ಪೂರ್ವ–ಪಶ್ಚಿಮ ಭೇದವನ್ನು ಭಾಷಾವಿಜ್ಞಾನಿ ಸ್ಟೀಫನ್ ಡಿಕಿ 2000ದಲ್ಲೇ ವಿವರವಾಗಿ ತೋರಿಸಿದ್ದಾರೆ. ‘ಒಂದು ಕಲಿತರೆ ಎಲ್ಲ ಬಂತು’ ಎನ್ನುವ ಕೋರ್ಸ್‌ಗಳಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ: ರಷ್ಯನ್ನರಿಗೆ ತಿಳಿನೀಲಿಗೂ ಕಡುನೀಲಿಗೂ ಬೇರೆ ಬೇರೆ ಹೆಸರಿದೆ. ಅವರ ಕಣ್ಣೇ ಬೇರೆಯೇ?

ಅಲ್ಲ. 2007ರ ಪ್ರಯೋಗದಲ್ಲಿ ಎರಡು ಛಾಯೆಗಳು ಬೇರೆ ಬೇರೆ ಹೆಸರಿನವಾದಾಗ ರಷ್ಯನ್ನರು ಚೂರು ಬೇಗ ಗುರುತಿಸಿದರು. ಮನಸ್ಸಿನಲ್ಲಿ ಅಂಕಿಗಳನ್ನು ಹೇಳಿಕೊಳ್ಳುತ್ತಿರಲು ಹೇಳಿದಾಗ ಆ ಲಾಭ ಹೋಯಿತು. ಅದು ಭಾಷೆಯ ಕೆಲಸ, ಕಣ್ಣಿನದಲ್ಲ.

ಪ್ರಶ್ನೆ: ಸ್ಲಾವಿಕ್ ಭಾಷೆಗಳು ಸಂಸ್ಕೃತದ ಮಕ್ಕಳೇ?

ಅಲ್ಲ. ಇಬ್ಬರಿಗೂ ಮೂಲ ಇನ್ನೂ ಹಳೆಯದು.

ಪ್ರಶ್ನೆ: ‘ನನಗೆ ಚಳಿ’ ಎನ್ನುವಂತೆಯೇ ರಷ್ಯನ್‌ನಲ್ಲೂ ‘ಮ್ನೆ ಖೊಲೊದ್ನೊ’ ಎನ್ನುತ್ತಾರೆ. ನಂಟಿದೆಯೇ?

ನಂಟಿಲ್ಲ, ಕನ್ನಡ ದ್ರಾವಿಡ ಭಾಷೆ. ಚಳಿಯನ್ನು ನಾವು ಮಾಡುವುದಿಲ್ಲ, ಅದು ನಮಗೆ ಬರುತ್ತದೆ. ಆ ಅನುಭವವನ್ನು ಎರಡೂ ಭಾಷೆಗಳು ತಮ್ಮ ಪಾಡಿಗೆ ಚತುರ್ಥಿ ವಿಭಕ್ತಿಯಲ್ಲಿ (‘ನನಗೆ’ ಎಂಬಂತೆ) ಹಿಡಿದಿವೆ.