ಮಿಂಚುಹುಳದ ಫೋಟೋಗೆ ಶಟರ್ ಎಷ್ಟು ಹೊತ್ತು ತೆರೆದಿಡಬೇಕು?

ಪ್ರಶ್ನೆ: ಮಳೆ ಹಿಡಿಯುವ ಮುಂಚೆ ನಮ್ಮ ಕಾಫಿ ತೋಟದಲ್ಲಿ ಮಿಂಚುಹುಳ ಮರ ತುಂಬ ಮಿನುಗುತ್ತವೆ. ಬೆಳದಿಂಗಳ ರಾತ್ರಿ ಐಎಸ್‌ಒ 100, ಎಫ್ 8 ಇಟ್ಟು ಹತ್ತು ನಿಮಿಷ ಶಟರ್ ತೆರೆದಿಟ್ಟೆ. ತೋಟ ಹಗಲಿನ ಹಾಗೆ ಬಂತು, ಹುಳ ಕಾಣಲೇ ಇಲ್ಲ. ಎಲ್ಲಿ ತಪ್ಪಿದೆ?
– ಓದುಗರು, ಮೂಡಿಗೆರೆ

ಉತ್ತರ: ಹೊತ್ತು ಜಾಸ್ತಿ ಕೊಟ್ಟರೆ ಹುಳ ಹೊಳೆಯುತ್ತೆ ಅಂತ ಅಂದುಕೊಂಡಿದ್ದೀರಿ, ಅಲ್ವಾ? ತಪ್ಪಿರುವುದು ಅಲ್ಲೇ. ಮರ, ಆಕಾಶ ಒಂದೇ ಸಮನೆ ಬೆಳಕು ಕೊಡುತ್ತಿರುತ್ತವೆ, ಹಾಗಾಗಿ ಶಟರ್ ತೆರೆದಷ್ಟೂ ಅವು ಬೆಳ್ಳಗಾಗುತ್ತಾ ಹೋಗುತ್ತವೆ. ಹುಳ ಹಾಗಲ್ಲ. ಕಣ್ಣು ಮಿಟುಕಿಸುವಷ್ಟು ಹೊತ್ತು ಮಿಂಚಿ ಮುಂದಕ್ಕೆ ಹಾರಿಬಿಡುತ್ತೆ. ಆ ಚುಕ್ಕಿ ಎಷ್ಟು ಹೊಳಪಾಗಿ ಬೀಳಬೇಕು ಅನ್ನುವುದನ್ನು ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ; ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ಅಗಲ) ಮತ್ತು ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನುವ ಅಳತೆ) ತೀರ್ಮಾನಿಸುತ್ತವೆ. ಶಟರ್ ಹೊತ್ತಿನಿಂದ ಹೆಚ್ಚುವುದು ಚುಕ್ಕಿಗಳ ಲೆಕ್ಕ ಮಾತ್ರ.

ಅಮಾವಾಸ್ಯೆ ಹತ್ತಿರದ ರಾತ್ರಿ ಆರಿಸಿಕೊಳ್ಳಿ. ಬೆಳಕಿರುವಾಗಲೇ ಹೋಗಿ ಟ್ರೈಪಾಡ್ ಊರಿ, ಮರಕ್ಕೆ ಫೋಕಸ್ ಮಾಡಿ, ಲೆನ್ಸನ್ನು ಮ್ಯಾನುಯಲ್‌ಗೆ ತಿರುಗಿಸಿ ಮತ್ತೆ ಮುಟ್ಟಬೇಡಿ. ಮುಸ್ಸಂಜೆಯಲ್ಲಿ ತೋಟದ್ದೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಕತ್ತಲಾದ ಮೇಲೆ ಎಫ್ 2.8 ಅಥವಾ ಇನ್ನೂ ಅಗಲ, ಐಎಸ್‌ಒ 1600, 30 ಸೆಕೆಂಡ್ ಇಟ್ಟು ಒಂದರ ಹಿಂದೆ ಒಂದರಂತೆ ನಲವತ್ತು-ಐವತ್ತು ಫ್ರೇಮ್ ತೆಗೆಯಿರಿ. ಕ್ಯಾಮೆರಾ ಮೆನುವಿನಲ್ಲಿ ಫೋಟೋದ ಕಾಳುಕಾಳು ಕಲೆ ತೆಗೆಯುವ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆಫ್ ಇರಲಿ, ಇಲ್ಲದಿದ್ದರೆ ಕ್ಯಾಮೆರಾ ಪ್ರತಿ ಫ್ರೇಮ್ ಆದ ಮೇಲೂ ಅಷ್ಟೇ ಹೊತ್ತು ಸುಮ್ನೆ ಕೂರುತ್ತೆ, ಅರ್ಧ ಹುಳ ಕೈತಪ್ಪಿ ಹೋಗುತ್ತವೆ. ಮನೆಗೆ ಬಂದು ಫೋಟೋ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಎಲ್ಲವನ್ನೂ ಮುಸ್ಸಂಜೆ ಫೋಟೋ ಮೇಲೆ ಲೈಟನ್ ಮೋಡ್‌ನಲ್ಲಿ (ಪ್ರತಿ ಜಾಗದಲ್ಲೂ ಹೆಚ್ಚು ಹೊಳಪಿರುವುದೇ ಉಳಿಯುತ್ತೆ) ಜೋಡಿಸಿ. ನಮ್ಮ ಕಡೆ ಇಬ್ಬನಿ ಜಾಸ್ತಿ, ಆಗಾಗ ಲೆನ್ಸ್ ನೋಡಿಕೊಳ್ಳಿ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ದಯವಿಟ್ಟು ಟಾರ್ಚ್ ಹಾಕಬೇಡಿ. ಗಂಡು ಹುಳ ಹಾರುತ್ತಾ ಮಿಂಚುವುದೇ ಹೆಣ್ಣನ್ನು ಕರೆಯಲು. ಎಷ್ಟೋ ಜಾತಿಗಳಲ್ಲಿ ಹೆಣ್ಣು ಹುಲ್ಲಿನಲ್ಲಿ ಕೂತು ಮಿಂಚಿಯೇ ಉತ್ತರ ಕೊಡುತ್ತೆ. ರೆಕ್ಕೆ ಬಂದ ಮೇಲೆ ಅವು ಬದುಕುವುದೇ ಕೆಲವು ವಾರ. ಆ ಹೊತ್ತಿನಲ್ಲಿ ಕಾರಿನ ಹೆಡ್‌ಲೈಟೋ ಮೊಬೈಲ್ ಬೆಳಕೋ ಬಿದ್ದರೆ ಒಂದಕ್ಕೊಂದು ಕಾಣುವುದೇ ಇಲ್ಲ. ದಾರಿ ನೋಡಲು ಬೇಕೇ ಬೇಕಾದರೆ ಮಂದ ಕೆಂಪು ಬೆಳಕನ್ನು ಕಾಲಬುಡಕ್ಕೆ ಹಿಡಿಯಿರಿ. ತೋಟದ ಮನೆಯ ಹೊರಗಿನ ದೀಪವನ್ನೂ ಆರಿಸಲು ಹೇಳಿ.

ಪ್ರಶ್ನೆ: ಶೆಟ್ಟಿಹಳ್ಳಿಯ ಪಾಳು ಚರ್ಚಿನ ಮೇಲೆ ನಕ್ಷತ್ರ ತೆಗೆದರೆ ಚುಕ್ಕಿ ಬರದೆ ಗೆರೆ ಬರುತ್ತಿದೆ. ಲೆನ್ಸ್ 18 ಎಂಎಂ, ಕ್ರಾಪ್ ಸೆನ್ಸರ್, 30 ಸೆಕೆಂಡ್.
– ಓದುಗರು, ಹಾಸನ

ಉತ್ತರ: ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತಿದೆ, ಅದೇ ಗೆರೆ. ಗೆರೆ ಬಾರದಂತೆ ಎಷ್ಟು ಹೊತ್ತು ತೆರೆಯಬಹುದು ಅನ್ನುವುದಕ್ಕೆ 500ರ ಲೆಕ್ಕ ಅಂತ ಒಂದು ಅಂದಾಜಿದೆ. ಕ್ರಾಪ್ ಸೆನ್ಸರ್ ಅಂದರೆ ಚಿಕ್ಕ ಸೆನ್ಸರ್, ಅದಕ್ಕಾಗಿ 18ನ್ನು 1.5ರಿಂದ ಗುಣಿಸಿದರೆ 27, 500ನ್ನು 27ರಿಂದ ಭಾಗಿಸಿದರೆ ಸುಮಾರು 18 ಸೆಕೆಂಡ್. ನಾನಾದರೆ 12ಕ್ಕೇ ನಿಲ್ಲಿಸಿ ಐಎಸ್‌ಒ ಏರಿಸುತ್ತೇನೆ. ಮಳೆಗಾಲದಲ್ಲಿ ಹೇಮಾವತಿ ಹಿನ್ನೀರು ಚರ್ಚಿನ ಒಳಗೇ ಬಂದಿರುತ್ತೆ, ಆಗ ಮೋಡವೂ ಬಿಡುವುದಿಲ್ಲ. ಮಾರ್ಚ್-ಏಪ್ರಿಲ್‌ನಲ್ಲಿ ಬೆಳಗಿನ ಜಾವ ಹೋಗಿ, ಆಕಾಶಗಂಗೆಯೂ ಸಿಗುತ್ತೆ.